ಉಳಿಸಿದ್ದು ಸಾಲದ ತನಕ ತಲುಪಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಸಾಲ ಇರುವ ಮನೆಯಲ್ಲಿ ಫೋನ್ ಬಡಿದುಕೊಂಡರೆ ಯಾರೂ ತಕ್ಷಣ ಎತ್ತುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಗುತ್ತಿತ್ತು. ಮೂರು ಸಾಲ ಇದ್ದವು. ಒಂದು ಕ್ರೆಡಿಟ್ ಕಾರ್ಡಿನದು, ಒಂದು ಬ್ಯಾಂಕಿನದು, ಇನ್ನೊಂದು ನೆಂಟರ ಹತ್ತಿರ ತಂದ ಕೈಸಾಲ. ನಾನು, ನನ್ನ ಗಂಡ ಇಬ್ಬರೂ ದುಡಿಯುತ್ತಿದ್ದೆವು. ದುಂದು ಮಾಡುವವರೂ ಅಲ್ಲ. ಆದರೂ 20ನೇ ತಾರೀಖು ದಾಟಿತು ಅಂದರೆ ಕೈ ಬರಿದು.

ಆಗ ಖರ್ಚು ಬಿಗಿ ಮಾಡಿದೆವು. ತುಂಬಾನೇ ಬಿಗಿ ಮಾಡಿದೆವು. ಹೊರಗಿನ ಊಟ ನಿಲ್ಲಿಸಿದೆವು. ಹೊಸ ಬಟ್ಟೆ ಮುಟ್ಟಲಿಲ್ಲ. ಹತ್ತಿರದ ಜಾಗಕ್ಕೆಲ್ಲ ನಡೆದೇ ಹೋದೆವು. ಹೀಗೆ ಒಂದು ವರ್ಷ ಕಳೆಯಿತು. ವರ್ಷದ ಕೊನೆಗೆ ಕಾರ್ಡಿನ ಬಾಕಿ ನೋಡಿದರೆ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಅವತ್ತು ನನಗೆ ಅಳು ಬಂತು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದೆಲ್ಲ ಎಲ್ಲಿ ಹೋಯಿತು?

ಹುಡುಕಿದಾಗ ಗೊತ್ತಾಯಿತು. ಉಳಿಸಿದ್ದು ಖಾತೆಯಲ್ಲೇ ಕೂತಿತ್ತು. ಖಾತೆಯಲ್ಲಿ ನಾಲ್ಕು ಕಾಸು ಕಂಡರೆ ಮನೆಗೆ ಏನೋ ಒಂದು ಬೇಕು ಅನಿಸುತ್ತದೆ. ಅದಕ್ಕೆ ಹೋಯಿತು, ಇದಕ್ಕೆ ಹೋಯಿತು. ಊಟ ಬಿಟ್ಟು ಉಳಿಸಿದ್ದು ಒಂದು ಪರದೆಗೆ ಹೋಗಿತ್ತು. ನಡೆದು ಉಳಿಸಿದ್ದು ಯಾವುದೋ ರಿಪೇರಿಗೆ ಹೋಗಿತ್ತು. ಸಾಲದ ಹತ್ತಿರ ಒಂದು ಪೈಸೆಯೂ ಹೋಗಿರಲಿಲ್ಲ. ಅವತ್ತಿನಿಂದ ಒಂದು ವಿಷಯ ನನಗೆ ಖಚಿತವಾಯಿತು. ಖರ್ಚು ಮಾಡದೆ ಇಟ್ಟುಕೊಂಡ ದುಡ್ಡು ಇನ್ನೂ ಉಳಿತಾಯ ಆಗಿಲ್ಲ. ಸಾಲದ ಖಾತೆಗೆ ಹೋಗಿ ಬಿದ್ದ ಮೇಲೆಯೇ ಅದು ಉಳಿತಾಯ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಅದೇ ಎಲ್ಲಕ್ಕಿಂತ ಕಷ್ಟದ್ದು. ಇರುವ ಸಾಲವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಬೇಕು. ಯಾರಿಗೆ, ಬಾಕಿ ಎಷ್ಟು, ಬಡ್ಡಿ ಎಷ್ಟು, ಕಂತಿನ ತಾರೀಖು ಯಾವುದು. ನಾವು ಒಂದು ಭಾನುವಾರ ಇಬ್ಬರೂ ಕೂತು ಬರೆದೆವು. ಬೀರುವಿನಲ್ಲಿ ಬೆಡ್‌ಶೀಟುಗಳ ಕೆಳಗೆ ಐದು ಕವರು ಇದ್ದವು. ಒಂದನ್ನೂ ಒಡೆದಿರಲಿಲ್ಲ. ಅವನ್ನು ಅಲ್ಲಿ ಇಟ್ಟವಳು ನಾನೇ. ಒಡೆಯದಿದ್ದರೆ ಸಾಲ ಇಲ್ಲ ಅನ್ನುವಂತೆ ಇಟ್ಟಿದ್ದೆ. ನನ್ನ ಗಂಡ ನನಗೆ ಹೇಳದ ಒಂದು ಸಣ್ಣ ಸಾಲ ಇತ್ತು. ಅದೂ ಅವತ್ತು ಹಾಳೆಗೆ ಬಂತು. ಮೂರು ಅಂದುಕೊಂಡಿದ್ದ ಸಾಲ ನಾಲ್ಕಾಯಿತು. ಜಗಳ ಆಗುತ್ತದೆ ಅಂತ ಇಬ್ಬರಿಗೂ ಭಯ ಇತ್ತು. ಆಗಲಿಲ್ಲ. ಒಟ್ಟು ಮೊತ್ತ ನೋಡಿದಾಗ ಎದೆ ಧಸಕ್ ಅಂದಿದ್ದು ನಿಜ. ಆದರೆ ರಾತ್ರಿ ನಿದ್ದೆ ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಿದ್ದೆ ಅದು.

ಈಗ ಬಡ್ಡಿಯ ಮಾತು. ದಯವಿಟ್ಟು ಸ್ವಲ್ಪ ಗಮನ ಕೊಟ್ಟು ಕೇಳಿ. ಕೈಯಲ್ಲಿ ಪೆನ್ನು ಇದ್ದರೆ ಇನ್ನೂ ಒಳ್ಳೆಯದು. ಕೆಲವು ಕಾರ್ಡುಗಳಲ್ಲಿ ಬಡ್ಡಿ ವರ್ಷಕ್ಕೆ ನೂರಕ್ಕೆ 36ರಷ್ಟು ಇರುತ್ತದೆ. ಅಂದರೆ ತಿಂಗಳಿಗೆ ನೂರಕ್ಕೆ 3. ಬಾಕಿ 1000 ಅಂತ ಇಟ್ಟುಕೊಳ್ಳಿ. ಏನೂ ಕಟ್ಟದೆ ಬಿಟ್ಟರೆ ವರ್ಷದ ಕೊನೆಗೆ ಅದು 1360 ಆಗುತ್ತದೆ ಅಂತ ನಾವು ಲೆಕ್ಕ ಹಾಕುತ್ತೇವೆ, ಅಲ್ವಾ? ಆದರೆ ಬಡ್ಡಿಗೂ ಬಡ್ಡಿ ಬೀಳುತ್ತದೆ. ಆಗುವುದು ಸುಮಾರು 1426. ತಡವಾದ ದಂಡ ಬೇರೆ.

ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಅಂತ ಒಂದು ಸಾಲು ಇರುತ್ತದೆ. ಬಾಕಿಯ ನೂರಕ್ಕೆ 5 ಅಂತ ಇಟ್ಟುಕೊಳ್ಳೋಣ. 1000ಕ್ಕೆ 50. ನಾವು 50 ಕಟ್ಟಿ ನಿಟ್ಟುಸಿರು ಬಿಡುತ್ತೇವೆ. ಅದರಲ್ಲಿ 30 ಬಡ್ಡಿಗೇ ಹೋಯಿತು. ಅಸಲು ಇಳಿದದ್ದು ಬರೀ 20. ಮುಂದಿನ ತಿಂಗಳು ಬಾಕಿ 980, ಕನಿಷ್ಠ ಪಾವತಿ 49ಕ್ಕೆ ಇಳಿಯುತ್ತದೆ. ಪರವಾಗಿಲ್ಲ, ಕಡಿಮೆ ಆಯಿತು ಅಂತ ಖುಷಿ ಪಡುತ್ತೇವೆ. ಮೋಸ ಹೋಗುವುದೇ ಇಲ್ಲಿ. ಹೀಗೆ ಬಿಲ್ಲು ಕೇಳಿದಷ್ಟೇ ಕಟ್ಟುತ್ತಾ ಹೋದರೆ 31 ತಿಂಗಳು ಕಳೆದ ಮೇಲೂ ಅರ್ಧಕ್ಕಿಂತ ಜಾಸ್ತಿ ಬಾಕಿ ಉಳಿದಿರುತ್ತದೆ. ಬಿಲ್ಲು ಏನೇ ಕೇಳಲಿ, ನಾನು ಪ್ರತಿ ತಿಂಗಳೂ ಅದೇ 50 ಕಟ್ಟುತ್ತೇನೆ ಅಂತ ಹಟ ಹಿಡಿದರೆ? ಅದೇ 31 ತಿಂಗಳಿಗೆ ಸಾಲ ಪೂರ್ತಿ ತೀರುತ್ತದೆ. ಇಷ್ಟೂ ದಿನ ಕಾರ್ಡನ್ನು ಹೊಸದಾಗಿ ಉಜ್ಜಬಾರದು, ಅದು ಬೇರೆ ಹೇಳಬೇಕಿಲ್ಲ.

ಇನ್ನೂ ಒಂದು ಲೆಕ್ಕ. 50ರ ಜಾಗದಲ್ಲಿ 60 ಕಟ್ಟಿದರೆ 24 ಕಂತು ಸಾಕು. ಕೊನೆಯ ಕಂತು ಅರ್ಧವೂ ಇರುವುದಿಲ್ಲ. ಒಟ್ಟು ಕಟ್ಟುವ ಮೊತ್ತ 1550ರಿಂದ 1407ರ ಹತ್ತಿರಕ್ಕೆ ಇಳಿಯುತ್ತದೆ. ಆ ಹತ್ತು ಎಲ್ಲಿಂದ ಬರಬೇಕು? ಮನೆಯಿಂದಲೇ ಬರಬೇಕು. ಅಡುಗೆಮನೆಯಿಂದ, ಬಚ್ಚಲಿಂದ, ಬೀರುವಿನಿಂದ. ಮಿತವ್ಯಯ ಅನ್ನುವುದಕ್ಕೆ ಅರ್ಥ ಬರುವುದೇ ಈ ಹತ್ತರಿಂದ.

ನಾಲ್ಕು ಸಾಲ ಇದ್ದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು? ಎಲ್ಲಕ್ಕೂ ಕಂತು ತಪ್ಪಬಾರದು. ಹೆಚ್ಚಿಗೆ ಉಳಿದದ್ದನ್ನು ಜಾಸ್ತಿ ಬಡ್ಡಿಯ ಸಾಲಕ್ಕೆ ಹಾಕಿದರೆ ಲೆಕ್ಕಕ್ಕೆ ಲಾಭ. ಚಿಕ್ಕ ಸಾಲವನ್ನು ಮೊದಲು ತೀರಿಸಿ, ಧೈರ್ಯ ಬರುತ್ತದೆ ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಬಡ್ಡಿ ಜಾಸ್ತಿ ಇರುವುದೇ ಮೊದಲು. ಒಂದು ವಿನಾಯಿತಿ ಮಾತ್ರ ಕೊಡುತ್ತೇನೆ. ಯಾರಿಗೆ ಮುಖ ತಪ್ಪಿಸಿ ಓಡಾಡುತ್ತಿದ್ದೀರೋ ಅವರ ಸಾಲ. ನಾವು ನೆಂಟರ ಕೈಸಾಲಕ್ಕೆ ಬಡ್ಡಿಯೇ ಕೊಡುತ್ತಿರಲಿಲ್ಲ. ಆದರೂ ಅದನ್ನೇ ಮೊದಲು ತೀರಿಸಿದೆವು. ಅವರ ಮನೆ ಬಾಗಿಲು ಮತ್ತೆ ತಲೆ ಎತ್ತಿ ತಟ್ಟಿದೆವಲ್ಲ, ಅದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ.

ಕಂತು ಕಟ್ಟಲು ಆಗಲ್ಲ ಅಂತ ಗೊತ್ತಾದರೆ ತಾರೀಖು ದಾಟುವ ಮೊದಲೇ ಹೋಗಿ ಮಾತಾಡಿ. ತಾರೀಖು ಬದಲಿಸಿ ಅಂತ ಕೇಳಬಹುದು. ಬಡ್ಡಿ ಇಳಿಸಿ ಅಂತಲೂ ಕೇಳಬಹುದು. ಒಪ್ಪಿದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮುಂಗಡ ಶುಲ್ಕ ಕೊಡಿ, ನಿಮ್ಮ ಸಾಲ ಮನ್ನಾ ಮಾಡಿಸುತ್ತೇವೆ ಅಂತ ಫೋನ್ ಮಾಡುವವರ ಮಾತು ಕೇಳಬೇಡಿ. ಹಳೆ ಸಾಲ ತೀರಿಸಲು ಹೊಸ ಸಾಲ ಮಾಡುವುದಿದ್ದರೆ ಶುಲ್ಕವೂ ಸೇರಿ ಅದು ಅಗ್ಗವೋ ಅಂತ ನೋಡಿ. ಹಳೆ ಕಾರ್ಡು ಖಾಲಿಯಾಯಿತು ಅಂತ ಅದರಲ್ಲೇ ಮತ್ತೆ ಖರ್ಚು ಶುರುವಾದರೆ ಒಂದು ಸಾಲದ ಜಾಗದಲ್ಲಿ ಎರಡಾಗುತ್ತದೆ.

ಮನೆ ಖರ್ಚಿಗೆ ಬರೋಣ. ತಿಂಗಳ ಲೆಕ್ಕ ನಮಗೆ ಯಾವತ್ತೂ ಕೈ ಹಿಡಿಯಲಿಲ್ಲ. ವಾರದ ಲೆಕ್ಕ ಕೈ ಹಿಡಿಯಿತು. ಬಾಡಿಗೆ, ಕರೆಂಟು, ಫೀಸು, ಕಂತು ಇವನ್ನೆಲ್ಲ ಸಂಬಳ ಬಂದ ದಿನವೇ ತೆಗೆದಿಡುತ್ತಿದ್ದೆವು. ಉಳಿದ ದಿನಖರ್ಚಿನ ದುಡ್ಡನ್ನು ಮೊದಲು ನಾಲ್ಕು ಕವರಿಗೆ ಹಂಚಿದೆವು. ತಿಂಗಳ ಕೊನೆಗೆ ಮತ್ತೆ ಪರದಾಟ. ಯಾಕೆ ಅಂದರೆ ನಾಲ್ಕು ವಾರಕ್ಕೆ 28 ದಿನ ಮಾತ್ರ. 29, 30, 31ಕ್ಕೆ ಕವರು ಎಲ್ಲಿದೆ? ಆಮೇಲೆ ಐದು ಕವರು ಮಾಡಿದೆವು. ಐದನೆಯದು ಸಣ್ಣದು, ಆ ಎರಡು ಮೂರು ದಿನಕ್ಕೆ. ಇಷ್ಟು ಚಿಕ್ಕ ವಿಷಯಕ್ಕೆ ಎಷ್ಟು ತಿಂಗಳು ಒದ್ದಾಡಿದ್ದೆವು ಅಂತ ಈಗಲೂ ಅನಿಸುತ್ತದೆ.

ಭಾನುವಾರ ರಾತ್ರಿ ಕವರಿನಲ್ಲಿ ಉಳಿದದ್ದನ್ನು ಮೇಜಿನ ಮೇಲೆ ಸುರಿದು ಎಣಿಸುತ್ತಿದ್ದೆವು. ಮಗಳು ಚಿಲ್ಲರೆ ಜೋಡಿಸುತ್ತಿದ್ದಳು, ಒಂದೊಂದು ಬಗೆಯದು ಒಂದೊಂದು ಗೋಪುರ. ಸೋಮವಾರ ಅದು ಸಾಲದ ಖಾತೆಗೆ. ಎಷ್ಟೇ ಕಡಿಮೆ ಇರಲಿ, ಮುಂದಿನ ವಾರದ ಕವರಿಗೆ ಸೇರಿಸುತ್ತಿರಲಿಲ್ಲ. ಸೇರಿಸಿದರೆ ಅದು ಕರಗಿ ಹೋಗುತ್ತದೆ, ನಮಗೆ ಗೊತ್ತಿತ್ತು. ಹೀಗೆ ಹೆಚ್ಚಿಗೆ ಕಟ್ಟುವಾಗ ಎರಡು ವಿಷಯ ಕೇಳಿಕೊಳ್ಳಿ. ಅವಧಿಗೆ ಮೊದಲೇ ಕಟ್ಟಿದರೆ ಶುಲ್ಕ ಇದೆಯೇ? ಕಟ್ಟಿದ್ದು ಅಸಲಿಗೆ ಜಮಾ ಆಗುತ್ತದೆಯೇ, ಮುಂದಿನ ಕಂತಿಗೆ ಹಿಡಿದುಕೊಳ್ಳುತ್ತಾರೆಯೇ?

ದಿನದ ಕೊನೆಗೆ ಖರ್ಚು ಕೈಯಲ್ಲೇ ಬರೆಯುವುದು ನನ್ನ ಅಭ್ಯಾಸ. ಜಪಾನಿನಲ್ಲಿ ಹಾನಿ ಮೊತೊಕೊ ಅನ್ನುವ ಪತ್ರಕರ್ತೆ 1904ರಲ್ಲೇ ಮನೆವಾರ್ತೆಯ ಲೆಕ್ಕದ ಪುಸ್ತಕ ತಂದಿದ್ದರು. ಆ ಪದ್ಧತಿಗೆ ಕಾಕೇಬೊ ಅನ್ನುತ್ತಾರೆ. ನೂರು ವರ್ಷ ದಾಟಿದರೂ ಜನ ಅದನ್ನು ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅಂತ ಬರೆದು ನೋಡಿದ ಮೇಲೆ ನನಗೆ ಅರ್ಥವಾಯಿತು. ಫೋನಿನಲ್ಲಿ ಬೆರಳು ಒತ್ತಿದರೆ ದುಡ್ಡು ಹೋಗುತ್ತದೆ, ಮನಸ್ಸಿಗೆ ತಾಗುವುದಿಲ್ಲ. ಪೆನ್ನು ಹಿಡಿದು ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ.

ಎಲ್ಲಿ ಉಳಿಸಬೇಕು ಅನ್ನುವುದರಲ್ಲೂ ನಾವು ತಪ್ಪು ಮಾಡಿದ್ದೆವು. ಲೈಟು ಆರಿಸು, ಲೈಟು ಆರಿಸು ಅಂತ ಮಗಳ ಮೇಲೆ ದಿನಾ ಕೂಗಾಡುತ್ತಿದ್ದೆ. ಒಂದು ದಿನ ಲೆಕ್ಕ ಹಾಕಿದೆ. 9 ವಾಟ್‌ನ ಎಲ್‌ಇಡಿ ಬಲ್ಬು ಒಂದು ಯೂನಿಟ್ ಕರೆಂಟು ತಿನ್ನಲು 111 ಗಂಟೆ ಉರಿಯಬೇಕು. ನೀರು ಕಾಯಿಸುವ 2000 ವಾಟ್‌ನ ಹೀಟರು ಅಷ್ಟನ್ನು ಅರ್ಧ ಗಂಟೆಯಲ್ಲಿ ತಿನ್ನುತ್ತದೆ. ಅಂದಿನಿಂದ ಮಗುವನ್ನು ಬೈಯುವುದು ಬಿಟ್ಟೆ. ಬಚ್ಚಲ ಹೀಟರಿನ ಸ್ವಿಚ್ಚಿನ ಪಕ್ಕ ಒಂದು ಚೀಟಿ ಅಂಟಿಸಿದೆ. ಲೈಟು ಆರಿಸಬಾರದು ಅಂತಲ್ಲ. ಮನೆಯಲ್ಲಿ ದಿನಾ ಬೈಗುಳ ಇದ್ದರೆ ಬಿಗಿ ಹಿಡಿತ ಜಾಸ್ತಿ ದಿನ ನಡೆಯುವುದಿಲ್ಲ. ದಿನಾ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಕಡೆಗಿಂತ ಒಂದೇ ಸಲ ಕತ್ತರಿಸಿ ಮರೆತುಬಿಡುವ ಕಡೆ ಮೊದಲು ನೋಡಿ. ಖಾತೆಯಿಂದ ತಾನಾಗಿಯೇ ಕಟ್ ಆಗುವ ಚಂದಾಗಳನ್ನು ಹುಡುಕಿದೆವು. ಮೂರು ಸಿಕ್ಕವು. ಒಂದನ್ನು ಯಾರು ಶುರು ಮಾಡಿದ್ದು ಅಂತ ಇಬ್ಬರಿಗೂ ನೆನಪಿರಲಿಲ್ಲ.

ಅಡುಗೆಮನೆಯಲ್ಲಿ ನನ್ನದು ಒಂದೇ ನಿಯಮ. ಅಂಗಡಿಗೆ ಹೋಗುವ ಮೊದಲು ಡಬ್ಬಗಳ ಮುಚ್ಚಳ ತೆಗೆದು ನೋಡುವುದು. ಹಿಂದಿನ ಸಾಲಿನಲ್ಲಿ ಅರ್ಧ ತುಂಬಿದ ಡಬ್ಬ ಇದ್ದೇ ಇರುತ್ತದೆ. ಎರಡು ಕೊಂಡರೆ ಒಂದು ಉಚಿತ ಅನ್ನುವ ಚೀಟಿ ಕಂಡರೆ ಮೊದಲು ಒಂದಾದರೂ ಬೇಕಾಗಿತ್ತೇ ಅಂತ ಕೇಳಿಕೊಳ್ಳಿ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಅಲ್ಲ. ಕಿಲೋಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ.

ಇನ್ನು ಉಳಿಸಬಾರದ ಕಡೆ. ಇದನ್ನು ನಾನು ನೋವು ತಿಂದು ಕಲಿತೆ. ನನ್ನ ದವಡೆಯ ಒಂದು ಹಲ್ಲಿನಲ್ಲಿ ಸಣ್ಣ ಹುಳುಕು ಇತ್ತು. ತುಂಬಿಸಿದರೆ ಸಾಕಿತ್ತು. ಸಾಲ ತೀರಲಿ ಆಮೇಲೆ ನೋಡೋಣ ಅಂತ ಮುಂದೆ ಹಾಕಿದೆ. ಎಂಟು ತಿಂಗಳಿಗೆ ಮುಖ ಊದಿಕೊಂಡಿತು. ರೂಟ್ ಕೆನಾಲ್ ಮಾಡಿಸಿ, ಮೇಲೊಂದು ಕ್ಯಾಪ್ ಹಾಕಿಸಬೇಕಾಯಿತು. ಮೊದಲು ಆಗುತ್ತಿದ್ದ ಖರ್ಚಿನ ಎಷ್ಟೋ ಪಟ್ಟು ಹೋಯಿತು, ಅದೂ ಕಾರ್ಡಿನಿಂದ. ಔಷಧಿ, ಹಲ್ಲು, ಕಣ್ಣು, ಗಾಡಿಯ ಬ್ರೇಕು, ವಿಮೆಯ ಕಂತು, ಸೋರುವ ಮಾಡು. ಇವುಗಳಲ್ಲಿ ಉಳಿಸಿದ್ದು ಆಮೇಲೆ ಬಡ್ಡಿ ಸಮೇತ ಕೈ ಕಚ್ಚುತ್ತದೆ.

ಹೊಸ ಸಾಲ ಹುಟ್ಟುವುದೇ ಇಂಥ ಕಡೆ. ಅನಿರೀಕ್ಷಿತ ಖರ್ಚು ಅನ್ನುತ್ತೇವೆ. ನಿಜವಾಗಿ ನೋಡಿದರೆ ಅರ್ಧಕ್ಕರ್ಧ ಮೊದಲೇ ಗೊತ್ತಿದ್ದದ್ದೇ. ಶಾಲೆಯ ಫೀಸು ವರ್ಷಕ್ಕೊಮ್ಮೆ ಬರುತ್ತದೆ. ವಿಮೆ ಬರುತ್ತದೆ. ಗಾಡಿ ಸರ್ವಿಸ್ ಬರುತ್ತದೆ. ಅವನ್ನೆಲ್ಲ ಕೂಡಿ 12ರಿಂದ ಭಾಗಿಸಿ ತಿಂಗಳಾ ತೆಗೆದಿಟ್ಟೆವು. ನಿಜವಾದ ಆಪತ್ತಿಗೆ ಅಂತ ಬೇರೆ ಒಂದು ಸಣ್ಣ ಗಂಟು. ಸಾಲ ಇರುವಾಗ ದೊಡ್ಡ ಗಂಟು ಬೇಡ. ಒಂದು ಕಡೆ ನೂರಕ್ಕೆ 36 ಬಡ್ಡಿ ಕಟ್ಟುತ್ತಾ ಇನ್ನೊಂದು ಕಡೆ ಉಳಿತಾಯ ಖಾತೆಯಲ್ಲಿ ಚೂರುಪಾರು ಬಡ್ಡಿಗೆ ದುಡ್ಡು ಇಟ್ಟರೆ ನಷ್ಟವೇ. ಆದರೆ ಏನೂ ಇಲ್ಲದಿದ್ದರೆ ಒಂದು ಜ್ವರ ಬಂದರೂ ಮತ್ತೆ ಕಾರ್ಡು ತೆಗೆಯಬೇಕಾಗುತ್ತದೆ.

ಮಕ್ಕಳಿಗೆ ಹೇಳಬೇಕಾ ಅಂತ ತುಂಬಾ ಜನ ನನ್ನನ್ನು ಕೇಳುತ್ತಾರೆ. ಹೇಳಿ. ಹೆದರಿಸಬೇಡಿ, ಸುಮ್ನೆ ಇದ್ದದ್ದು ಇದ್ದ ಹಾಗೆ ಹೇಳಿ. ಮಕ್ಕಳಿಗೆ ಹೇಗೂ ಗೊತ್ತಾಗಿರುತ್ತದೆ. ಗೊತ್ತಿಲ್ಲದ್ದು ಯಾಕೆ ಅನ್ನುವುದು ಮಾತ್ರ, ಅದಕ್ಕೇ ತಮ್ಮದೇ ತಪ್ಪೇನೋ ಅಂತ ಒಳಗೊಳಗೇ ಕೊರಗುತ್ತವೆ. ನಾವು ಹೇಳಿದ ಮೇಲೆ ಮಗಳು ಕೇಳಿದ ಮೊದಲ ಪ್ರಶ್ನೆ, ಇನ್ನು ಎಷ್ಟು ದಿನ? ತಿಂಗಳು ಲೆಕ್ಕ ಹಾಕಿ ಹೇಳಿದೆ. ಅವಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಷ್ಟು ಚೌಕ ಬರೆದಳು. ಪ್ರತಿ ಕಂತಿಗೆ ಒಂದು ಚೌಕಕ್ಕೆ ಬಣ್ಣ. ಹೆಚ್ಚಿಗೆ ಕಟ್ಟಿದ್ದರಿಂದ ಕೊನೆಯ ಒಂಬತ್ತು ಚೌಕ ಖಾಲಿಯೇ ಉಳಿದವು.

ನಮ್ಮ ಕಂತಿನ ತಾರೀಖು 5 ಆಗಿತ್ತು. ಈಗಲೂ ತಿಂಗಳ 5ಕ್ಕೆ ಅಷ್ಟೇ ಮೊತ್ತ ಖಾತೆಯಿಂದ ಹೋಗುತ್ತದೆ. ಹೋಗುವುದು ನಮ್ಮದೇ ಇನ್ನೊಂದು ಖಾತೆಗೆ. ಭಾನುವಾರದ ಕವರು ಈಗಲೂ ಇದೆ. ಎಣಿಸುವುದು ಮಗಳದ್ದೇ ಕೆಲಸ.

ನಮಸ್ಕಾರ.