ಆಗದ ಅಜ್ಜಿಯ ಮಾತು

ನಮಸ್ಕಾರ ಕೇಳುಗರೇ. ಒಂದು ವಯಸ್ಸು ದಾಟಿದ ಮೇಲೆ ಎಲ್ಲಿಗೆ ಹೋದರೂ ಒಂದು ಪ್ರಶ್ನೆ ಕಾದಿರುತ್ತದೆ, "ಮೊಮ್ಮಕ್ಕಳೆಷ್ಟು?" ಇಲ್ಲ ಅಂದರೆ, "ಇನ್ನೂ ವಿಶೇಷ ಏನೂ ಇಲ್ವಾ?" ನನಗೆ ಮೊಮ್ಮಕ್ಕಳಿಲ್ಲ. ಆಗುವುದೂ ಇಲ್ಲ. ಇರುವವಳು ಒಬ್ಬಳೇ ಮಗಳು. ಅವಳೂ ಅಳಿಯನೂ ಕೂತು ಯೋಚಿಸಿ, ಮಕ್ಕಳು ಬೇಡ ಅಂತ ತೀರ್ಮಾನ ಮಾಡಿ, ನನಗೆ ನೇರವಾಗಿಯೇ ಹೇಳಿದ್ದಾರೆ.

ದುಃಖವಾಯಿತು. ಆದರೆ ಅದನ್ನು ಹೇಳಿಕೊಳ್ಳೋದಕ್ಕೆ ಬಾಯಿ ಬರುವುದಿಲ್ಲ, ಯಾಕೆಂದರೆ ಯಾರೂ ಸತ್ತಿಲ್ಲ, ಹುಟ್ಟದೇ ಇರುವ ಮಗುವಿಗಾಗಿ ಅಳುತ್ತೀನಿ ಅಂದರೆ ಜನ ಏನಂದುಕೊಂಡಾರು? ಸುತ್ತಲಿನವರು ದುಃಖ ಅಂತಲೇ ಒಪ್ಪದ ಇಂಥ ದುಃಖಗಳ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ ಅನ್ನುವವರು 1989ರಲ್ಲೇ ಬರೆದರು. ಅದು ತಿಳಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು.

ನಮ್ಮ ಬೀರುವಿನ ಕೆಳಗಿನ ಅರೆಯಲ್ಲಿ ಮಗಳ ಹಳದಿ ಸ್ವೆಟರ್ ಇದೆ, ಅವಳು ಅಂಬೆಗಾಲಿಡುವಾಗಿನದು. ಕತ್ತಿನ ಹತ್ತಿರದ ಗುಂಡಿ ಮಾತ್ರ ಬಿಳಿ, ಹಳೆಯದು ಕಿತ್ತುಹೋದಾಗ ನಾನೇ ಹೊಲಿದದ್ದು. ಯಾಕೆ ಎತ್ತಿಟ್ಟೆ ಅಂತ ಯಾರಿಗೂ ಹೇಳಿರಲಿಲ್ಲ, ಹೇಳಬೇಕು ಅಂತ ಅನಿಸಿಯೂ ಇರಲಿಲ್ಲ. ಮೊಮ್ಮಗು ಬಂದೇ ಬರುತ್ತದೆ ಅಂತ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿಬಿಟ್ಟಿತ್ತು.

ಆದರೆ ಇದನ್ನು ಮಗಳ ತಲೆಗೆ ಕಟ್ಟಬಾರದು. ಅವಳು ಬಂದಾಗೆಲ್ಲ ನಿಟ್ಟುಸಿರು ಬಿಟ್ಟು, "ನಮಗೆ ಆ ಭಾಗ್ಯ ಇಲ್ಲ ಬಿಡು" ಅಂತಿದ್ದರೆ ಅವಳು ಬರೋದೇ ಕಡಿಮೆಯಾಗುತ್ತದೆ, ಅಲ್ವಾ? ಇನ್ನು ಮಗು ಬೇಕು ಅಂತ ವರ್ಷಗಟ್ಟಲೆ ಚಿಕಿತ್ಸೆ ಮಾಡಿಸಿಕೊಂಡು ಸೋತವರ ಮನೆಗಳೂ ಇವೆ. ಅವರಿಗೆ ಆ "ವಿಶೇಷ" ಅನ್ನುವ ಮಾತು ಗಾಯದ ಮೇಲೆ ಬರೆ.

ಹೇಳಿಕೊಳ್ಳಲೇಬೇಕು ಅನಿಸಿದಾಗ ನಾನು ನನ್ನ ಓರಗೆಯ ಗೆಳತಿಯ ಹತ್ತಿರ ಹೇಳಿಕೊಂಡೆ. ಅವಳು "ಮನಸ್ಸು ಬದಲಾಯಿಸ್ತಾರೆ ನೋಡು" ಅನ್ನಲಿಲ್ಲ, ಬುದ್ಧಿ ಹೇಳಲಿಲ್ಲ. ಸುಮ್ನೆ ಕೇಳಿದಳು. ಅಷ್ಟೇ ಸಾಕಾಗಿತ್ತು.

ಹೀಗೆ ಕೇಳಿಸಿಕೊಳ್ಳುವವರು ಇನ್ನು ಮುಂದೆ ಜಾಸ್ತಿ ಬೇಕಾಗುತ್ತಾರೆ. ವಿಶ್ವಸಂಸ್ಥೆಯ ಅಂದಾಜಿನಂತೆ, ಜಗತ್ತಿನಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ 1990ರಲ್ಲಿ 3.3 ಇದ್ದದ್ದು 2024ರಲ್ಲಿ ಸುಮಾರು 2.3ಕ್ಕೆ ಇಳಿದಿದೆ. ಒಂದೇ ಮಗು ಇರುವ ಮನೆಗಳಲ್ಲಿ ಆ ಮಗು ದೊಡ್ಡದಾಗಿ ತನಗೆ ಮಕ್ಕಳು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಮೊಮ್ಮಕ್ಕಳಿರುವ ಗೆಳತಿಯರೇ, ಫೋನಿನಲ್ಲಿರುವ ಫೋಟೊ ನಮ್ಮಿಂದ ಮುಚ್ಚಿಡಬೇಡಿ. ತೋರಿಸಿ, ನನಗೆ ನೋಡೋಕೆ ಇಷ್ಟ. ಆಮೇಲೆ, "ನಿನ್ನ ಮಗಳು ಈಗ ಏನು ಮಾಡ್ತಿದ್ದಾಳೆ?" ಅಂತಲೂ ಕೇಳಿ. ಹೇಳೋದಕ್ಕೆ ನನ್ನ ಹತ್ತಿರ ಬೇಕಾದಷ್ಟಿದೆ.