ತೂಕ ಎಲ್ಲಿ ಹೋಯ್ತು?

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿಗೆ ಕಾರವಾರದಲ್ಲಿ ಮೀನು ಮಾರ್ಕೆಟ್ ಮುಗಿಸಿ ಮನೆಗೆ ಹೊರಟವರಿದ್ದೀರಿ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುತ್ತಾ ಕುಳಿತವರಿದ್ದೀರಿ. ಕೈ ಕೆಲಸ ನಿಲ್ಲಿಸಬೇಡಿ. ಕಿವಿ ಮಾತ್ರ 15 ನಿಮಿಷ ನನಗೆ ಕೊಡಿ.

ನಾನು ಬಹಳ ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವನು. ಇವತ್ತಿನ ವಿಷಯ ಇಂಗಾಲ. ಇಂಗಾಲ ಅಂದರೆ ದೊಡ್ಡ ಶಬ್ದ ಏನಲ್ಲ. ಒಲೆಯಲ್ಲಿ ಉಳಿಯುವ ಇದ್ದಿಲು ಇದೆಯಲ್ಲ, ಅದೇ. ಅನ್ನದಲ್ಲಿ, ಅಡಿಕೆ ಮರದಲ್ಲಿ, ಬಂಗಡೆ ಮೀನಿನಲ್ಲಿ, ನಮ್ಮ ನಿಮ್ಮ ಮೈಯಲ್ಲಿ ಇರುವುದೂ ಅದೇ. ಅದು ಸುಟ್ಟು ಆಮ್ಲಜನಕದ ಜೊತೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆಗ ಕಣ್ಣಿಗೆ ಕಾಣುವುದಿಲ್ಲ. ಕಾಣದೆ ಇರುವುದರಿಂದಲೇ ನಮ್ಮ ಲೆಕ್ಕ ತಪ್ಪುವುದು.

ನಾನು ಹೇಳಲಿಕ್ಕೆ ಬಂದಿರುವುದು ಒಂದೇ ಮಾತು. ಸುಟ್ಟದ್ದು ಮಾಯ ಆಗುವುದಿಲ್ಲ. ಅದರ ತೂಕ ಗಾಳಿಗೆ ಹೋಗುತ್ತದೆ, ಹೋಗಿ ಅಲ್ಲೇ ಇರುತ್ತದೆ. ಯಾರಾದರೂ ವಾಪಸ್ ತೆಗೆದುಕೊಳ್ಳುವ ತನಕ.

ಎಷ್ಟೋ ವರ್ಷ ಈ ಪಾಠ ಮಾಡಿದ್ದೇನೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ಅಘನಾಶಿನಿ ಹೊಳೆಯ ದಂಡೆಯ ಒಬ್ಬ ಅಮ್ಮ. ಅವರ ವಿಷಯ ಹೇಳದೆ ಮುಂದೆ ಹೋಗಲಿಕ್ಕೆ ನನಗೆ ಮನಸ್ಸಿಲ್ಲ.

ಒಂದು ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ತದಡಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರಿನ ಕಡೆಗೆ ದಾಟಿದ್ದೆವು. ಇಳಿತದ ಹೊತ್ತು. ಹೆಂಗಸರು, ಗಂಡಸರು ಸೊಂಟದ ತನಕ ನೀರಿನಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪಿಮೀನು, ಹೆಕ್ಕುತ್ತಿದ್ದರು. ಕೆಸರಿನಲ್ಲಿ ಬಳಚು ಎಲ್ಲಿದೆ ಅಂತ ಅವರಿಗೆ ಪಾದವೇ ಹೇಳುತ್ತದೆ. ದಂಡೆಯಲ್ಲಿ ಒಬ್ಬ ವಯಸ್ಸಾದ ಅಮ್ಮ ಖಾಲಿ ಚಿಪ್ಪಿಯ ರಾಶಿ ಪಕ್ಕ ಕುಳಿತು ಎಲೆ ಅಡಿಕೆಯ ಕವಳ ಹಾಕುತ್ತಿದ್ದರು. ಮಕ್ಕಳು ನೋಟ್‌ಬುಕ್ ಹಿಡಿದದ್ದು ನೋಡಿ ನನ್ನನ್ನು ಕರೆದರು.

“ಮಾಸ್ತರ್ರೇ, ನೀವು ಕಲಿತವ್ರು. ಒಂದು ಹೇಳಿ. ಭಟ್ಟಿಗೆ ನೂರು ಕಿಲೋ ಚಿಪ್ಪಿ ಹಾಕಿದ್ರೆ ಅರುವತ್ತು ಕಿಲೋ ಸುಣ್ಣನೂ ಬರೂದಿಲ್ಲ. ಬಾಕಿ ತೂಕ ಎಲ್ಲಿ ಹೋಯ್ತು? ಭಟ್ಟಿಯವ್ರು ಹೊಡೀತಾರಾ?”

ಎಂಥ ಪ್ರಶ್ನೆ! ನಾನು ಅಲ್ಲೇ ಕುಳಿತುಬಿಟ್ಟೆ. ಬುತ್ತಿಯಲ್ಲಿ ಒಂದು ಲಿಂಬೆಹಣ್ಣು ಇತ್ತು. ಒಂದು ಚಿಪ್ಪಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿ ಪುಡಿ ಮಾಡಿದೆ. ಲಿಂಬೆ ಹಿಂಡಿದೆ. ಪುಡಿಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದು ನೊರೆಯಾಯಿತು. ಅಮ್ಮ ಬಗ್ಗಿ ನೋಡಿದರು. “ಇದೇ ಅಮ್ಮ, ನಿಮ್ಮ ಬಾಕಿ ತೂಕ” ಅಂದೆ. ಗುಳ್ಳೆಯಲ್ಲಿರುವುದು ಕಾರ್ಬನ್ ಡೈಆಕ್ಸೈಡ್, ಚಿಪ್ಪಿಯೊಳಗೆ ಈ ಅನಿಲ ಕಟ್ಟಿಹಾಕಿಕೊಂಡು ಕೂತಿದೆ. ಹುಳಿ ಬಿದ್ದರೂ ಬಿಡುಗಡೆ, ಬೆಂಕಿ ಬಿದ್ದರೂ ಬಿಡುಗಡೆ. 100 ಕಿಲೋ ಚಿಪ್ಪಿ ಸುಟ್ಟರೆ ಕೈಗೆ ಬರುವುದು 56 ಕಿಲೋ ಸುಣ್ಣ. 44 ಕಿಲೋ ಗಾಳಿಗೆ ಹೋಗುತ್ತದೆ. ಭಟ್ಟಿಯವರ ತಪ್ಪಿಲ್ಲ.

ಅವರು ಒಪ್ಪಲಿಲ್ಲ. “ಗಾಳಿಗೆ ಎಂತಾ ತೂಕ ಮಾಸ್ತರ್ರೇ?” ಅಂದರು. ನಿಮ್ಮಲ್ಲೂ ಹಲವರು ಈಗ ಹೀಗೇ ಅಂದುಕೊಂಡಿರುತ್ತೀರಿ. ಗಾಳಿಗೆ ತೂಕ ಇದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಸುವ ಗಾಳಿ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ.

ಆಮೇಲೆ ಅವರ ಸಂಚಿಯಲ್ಲಿದ್ದ ಸುಣ್ಣದ ಡಬ್ಬಿ ಕೇಳಿದೆ. ಮುಚ್ಚಳದ ಅಂಚಿನಲ್ಲಿ ಹಳೆ ಸುಣ್ಣ ಒಣಗಿ ಹೆಕ್ಕಳೆ ಕಟ್ಟಿತ್ತು. ಡಬ್ಬಿಯ ಒಳಗಿನ ಮೆತ್ತಗಿನ ಸುಣ್ಣಕ್ಕೆ ಲಿಂಬೆ ಹಿಂಡಿದರೆ ನೊರೆ ಇಲ್ಲ. ಹೆಕ್ಕಳೆ ಕೆರೆದು ಅದಕ್ಕೆ ಹಿಂಡಿದರೆ ನೊರೆ! ಯಾಕೆ ಹೇಳಿ? ಮೆತ್ತಗಿನ ಸುಣ್ಣದಲ್ಲಿ ಆ ಅನಿಲ ಇಲ್ಲ, ಭಟ್ಟಿಯಲ್ಲೇ ಹೋಗಿದೆ. ಆದರೆ ಸುಣ್ಣ ತೆರೆದಲ್ಲಿ ಒಣಗುವಾಗ ಗಾಳಿಯಿಂದ ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಎಳೆದುಕೊಂಡು ಮತ್ತೆ ಚಿಪ್ಪಿಯ ಹಾಗೆ ಗಟ್ಟಿಯಾಗುತ್ತದೆ. ಹಳೆ ಮನೆಗಳ ಗಾರೆ ಗೋಡೆ ಕಲ್ಲಾಗುವುದೂ ಹೀಗೇ. ಹೋದ ತೂಕ ವಾಪಸ್ ಬಂತು.

ಅಮ್ಮ ನನ್ನ ಕೈಯಿಂದ ಲಿಂಬೆಹಣ್ಣು ತೆಗೆದುಕೊಂಡು ತಾವೇ ಬೇರೆ ಮೂರು ಚಿಪ್ಪಿ ಜಜ್ಜಿ ನೋಡಿದರು. ಒಂದೇ ಸಲಕ್ಕೆ ನಂಬಲಿಲ್ಲ. ಅದು ಸರಿ. ಎದುರಿಗೆ ಮಕ್ಕಳೆಲ್ಲ ನೋಟ್‌ಬುಕ್ ಮಡಚಿಟ್ಟು ಸುತ್ತ ಕೂತಿದ್ದರು. ವಾಪಸ್ ಹೋಗುವ ದೋಣಿ ಒಂದು ತಪ್ಪಿತು. ನನಗೆ ಆ ದಿನ ಇವತ್ತಿಗೂ ಹಬ್ಬದ ದಿನ.

ನೋಡಿ, ಇಂಗಾಲದ ಚಕ್ರ ಅಂತ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಚಿತ್ರ ಬರೆಯುತ್ತಾರಲ್ಲ, ಅದು ಆ ಡಬ್ಬಿಯೊಳಗೇ ಇದೆ. ಹೋಗುತ್ತದೆ, ಬರುತ್ತದೆ. ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಭತ್ತ ಗಾಳಿಯಿಂದ ಇಂಗಾಲ ತೆಗೆದುಕೊಂಡು ಕಾಳು ಕಟ್ಟುತ್ತದೆ. ನಾವು ಉಣ್ಣುತ್ತೇವೆ, ಉಸಿರಿನಲ್ಲಿ ವಾಪಸ್ ಬಿಡುತ್ತೇವೆ. ಮುಂದಿನ ಬೆಳೆ ಮತ್ತೆ ತೆಗೆದುಕೊಳ್ಳುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಉದುರಿದ ಒಣ ಎಲೆ, ಅದೇ ದರಕು, ಕೊಟ್ಟಿಗೆಗೆ ಬರುತ್ತದೆ, ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ, ಕೊಳೆತು ಗಾಳಿಗೆ ಹೋಗುತ್ತದೆ, ಮತ್ತೆ ಸೊಪ್ಪಾಗುತ್ತದೆ. ಬಚ್ಚಲ ಒಲೆಗೆ ಹಾಕಿದ ಕಟ್ಟಿಗೆಯ ಲೆಕ್ಕವೂ ಅಷ್ಟೇ, ಬೆಟ್ಟ ಬೋಳಾಗದೆ ಮತ್ತೆ ಚಿಗುರುತ್ತಿದ್ದರೆ. “ನಾವು ಉಸಿರು ಬಿಟ್ಟರೂ ಭೂಮಿ ಬಿಸಿಯಾಗುತ್ತದಾ ಸರ್?” ಅಂತ ಕೇಳುವವರಿಗೆ ಇದೇ ಉತ್ತರ. ಇಲ್ಲ. ಉಸಿರಿನ ಇಂಗಾಲ ಮೊನ್ನೆ ಮೊನ್ನೆ ಗಾಳಿಯಿಂದಲೇ ಬಂದದ್ದು.

ಹಾಗಾದರೆ ತೊಂದರೆ ಎಲ್ಲಿದೆ? ಪೆಟ್ರೋಲಿನಲ್ಲಿ, ಡೀಸೆಲಿನಲ್ಲಿ, ಕಲ್ಲಿದ್ದಲಿನಲ್ಲಿ.

ನಿಮ್ಮ ಸ್ಕೂಟರಿಗೆ ಒಂದು ಲೀಟರ್ ಪೆಟ್ರೋಲ್ ಹಾಕಿದಿರಿ ಅನ್ನಿ. ತೂಕ ಮುಕ್ಕಾಲು ಕಿಲೋ. ಕುಮಟಾಕ್ಕೆ ಹೋಗಿ ಬರುವಷ್ಟರಲ್ಲಿ ಟ್ಯಾಂಕ್ ಖಾಲಿ. ಅಮ್ಮನ ಪ್ರಶ್ನೆ ಇಲ್ಲಿ ಕೇಳಿ. ತೂಕ ಎಲ್ಲಿ ಹೋಯ್ತು? ಗಾಳಿಗೆ. ಅದೂ ಮುಕ್ಕಾಲು ಕಿಲೋ ಅಲ್ಲ. ದಾರಿಯಲ್ಲಿ ಆಮ್ಲಜನಕ ಕೂಡಿಕೊಂಡು ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಹೋಯಿತು. ಒಂದೊಂದು ಲೀಟರಿಗೂ ಇಷ್ಟು. ಬೋಟಿನ ಡೀಸೆಲ್ ಆದರೆ ಇನ್ನೂ ಸ್ವಲ್ಪ ಜಾಸ್ತಿ.

ಈ ಇಂಗಾಲ ಮೊನ್ನೆಯದಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಉರಿಯುವ ಕಲ್ಲಿದ್ದಲು 25-30 ಕೋಟಿ ವರ್ಷಗಳ ಹಿಂದಿನ ಕಾಡು. ಜೌಗಿನಲ್ಲಿ ಬಿದ್ದು, ಕೊಳೆಯದೆ, ಮಣ್ಣಿನಡಿ ಹೂತು ಕಲ್ಲಾದದ್ದು. ಅದು ಗಾಳಿಯ ಲೆಕ್ಕದಿಂದ ಹೊರಗೇ ಇತ್ತು. ಭೂಮಿ ಕೋಟ್ಯಂತರ ವರ್ಷ ಕೂಡಿಟ್ಟದ್ದನ್ನು ಮನುಷ್ಯರು 200-250 ವರ್ಷದಲ್ಲಿ ತೋಡಿ ತೋಡಿ ಸುಡುತ್ತಿದ್ದಾರೆ. ಜಗತ್ತಿನಲ್ಲಿ ಈಗ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಇದೊಂದರಿಂದಲೇ ಗಾಳಿಗೆ ಹೋಗುತ್ತಿದೆ. ಹೋಗುವ ಬಾಗಿಲು ಹೆದ್ದಾರಿಯಷ್ಟು ಅಗಲ. ಮಣ್ಣಿನಡಿಗೆ ವಾಪಸ್ ಬರುವ ಬಾಗಿಲು ಸೂಜಿಯ ಕಣ್ಣಿನಷ್ಟು.

ಯಾಣಕ್ಕೆ ಹೋದವರು ಆ ಕರಿ ಬಂಡೆ ನೋಡಿದ್ದೀರಲ್ಲ? ಅದು ಸುಣ್ಣದ ಕಲ್ಲು. ಅದರಲ್ಲೂ ಇಂಗಾಲ ಕಟ್ಟಿಹಾಕಿದೆ. ಬಂಡೆಯಾಗಿ ಕಟ್ಟಿಹಾಕಲಿಕ್ಕೆ ಪ್ರಕೃತಿ ತೆಗೆದುಕೊಳ್ಳುವ ಕಾಲ ಬಹಳ ದೊಡ್ಡದು. ನಮ್ಮ ಬೈಕಿಗೆ ಅಷ್ಟು ಪುರಸೊತ್ತಿಲ್ಲ.

“ಜ್ವಾಲಾಮುಖಿಯಿಂದ ಇದಕ್ಕಿಂತ ಜಾಸ್ತಿ ಬರುತ್ತದಂತೆ” ಅಂತ ಯಾರಾದರೂ ಒಬ್ಬರು ಪ್ರತಿ ಸಭೆಯಲ್ಲೂ ಎದ್ದು ನಿಲ್ಲುತ್ತಾರೆ. ಬರುವುದಿಲ್ಲ. ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ಒಂದು ವರ್ಷಕ್ಕೆ ಬಿಡುವುದು, ನಾವು ಬಿಡುವುದರಲ್ಲಿ ಹೆಚ್ಚೆಂದರೆ ನೂರಕ್ಕೆ ಒಂದು ಪಾಲು. ದಯವಿಟ್ಟು ಇದನ್ನು ಇನ್ನು ಬಿಡೋಣ.

ಗಾಳಿಯಲ್ಲಿ ಎಷ್ಟಿದೆ ಅಂತ ಅಳತೆ ಮಾಡಿದವರಿದ್ದಾರೆ. ಚಾರ್ಲ್ಸ್ ಕೀಲಿಂಗ್ ಅನ್ನುವ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಯಂತ್ರ ಇಟ್ಟು ಶುರು ಮಾಡಿದರು. ಆಗ ಗಾಳಿಯ 10 ಲಕ್ಷ ಕಣಗಳಲ್ಲಿ 315 ಕಣ ಕಾರ್ಬನ್ ಡೈಆಕ್ಸೈಡ್. ಈಗ 420 ದಾಟಿದೆ. ಕಾರ್ಖಾನೆಗಳು ಬರುವ ಮೊದಲು 280ರ ಆಸುಪಾಸು ಇತ್ತು. ಅದು ಹೇಗೆ ಗೊತ್ತು ಅಂದರೆ, ಅಂಟಾರ್ಕ್ಟಿಕಾದ ಹಿಮದಲ್ಲಿ ಹಳೆ ಕಾಲದ ಗಾಳಿ ಗುಳ್ಳೆಯಾಗಿ ಸಿಕ್ಕಿಕೊಂಡಿದೆ. ಆ ಹಿಮವನ್ನು ಕೊರೆದು ತೆಗೆದು ನೋಡಿದ್ದಾರೆ. 8 ಲಕ್ಷ ವರ್ಷಗಳ ಗಾಳಿ ಸಿಕ್ಕಿದೆ. ಅಷ್ಟೂ ವರ್ಷದಲ್ಲಿ ಒಮ್ಮೆಯೂ ನಾವಿರುವ ಮಟ್ಟಕ್ಕೆ ಬಂದಿಲ್ಲ. ಸುಮಾರು 300ರೊಳಗೇ ಏರಿಳಿದಿದೆ.

420 ಅಂದರೆ 10 ಲಕ್ಷಕ್ಕೆ ಅಲ್ವಾ, ಅಷ್ಟು ಕಡಿಮೆಗೆ ಏನಾಗುತ್ತದೆ ಅನ್ನಬೇಡಿ. ಈ ಅನಿಲ ಬಿಸಿಲನ್ನು ಒಳಗೆ ಬಿಡುತ್ತದೆ, ನೆಲದಿಂದ ಹೊರಡುವ ಬಿಸಿಯನ್ನು ಹಿಡಿದು ನಿಲ್ಲಿಸುತ್ತದೆ. ಕಂಬಳಿ ಹಾಗೆ. ಕಂಬಳಿ ದಪ್ಪ ಆದರೆ ಸೆಕೆ ಆಗದೆ ಇರುತ್ತದಾ? ಈ ಲೆಕ್ಕವನ್ನು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲೇ ಕೈಯಲ್ಲಿ ಬರೆದು ಮಾಡಿದ್ದರು. ಹೊಸ ಸುದ್ದಿ ಏನಲ್ಲ ಇದು.

ಸಮಯ ಓಡುತ್ತಿದೆ. ಗಿಡದ ವಿಷಯ ಬೇಗ ಹೇಳಿಬಿಡುತ್ತೇನೆ. ನಾವು ಗಾಳಿಗೆ ಬಿಟ್ಟದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯನ್ನು ಕಾಡು ಮತ್ತು ಸಮುದ್ರ ತೆಗೆದುಕೊಳ್ಳುತ್ತಿವೆ. ಅವು ಇಲ್ಲದಿದ್ದರೆ ಈಗಿನ ಸೆಕೆ ಏನೂ ಅಲ್ಲ. 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಕಾಡಿನಲ್ಲಿ ಜನ ಮರ ಅಪ್ಪಿಕೊಂಡು ನಿಂತರಲ್ಲ, ಅಪ್ಪಿಕೋ ಚಳವಳಿ, ಅವರು ಉಳಿಸಿದ್ದು ನೆರಳನ್ನಷ್ಟೇ ಅಲ್ಲ, ಈ ತೂಕವನ್ನೂ. ಒಣಗಿದ ಕಟ್ಟಿಗೆಯ ಅರ್ಧ ತೂಕ ಇಂಗಾಲವೇ. ಹೊಳೆ ಸಮುದ್ರ ಸೇರುವ ನಮ್ಮ ಅಳಿವೆಗಳ ಕಾಂಡ್ಲಾ ಗಿಡ, ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್ ಅನ್ನುತ್ತಾರಲ್ಲ, ಅದು ಅಂತೂ ಇದರಲ್ಲಿ ಇನ್ನೂ ಗಟ್ಟಿ. ಅದರ ಎಲೆ, ಬೇರು ಕೆಸರಿನಲ್ಲಿ ಹೂತುಹೋಗುತ್ತದೆ. ಕೆಸರಿನಡಿ ಗಾಳಿ ಆಡುವುದಿಲ್ಲ, ಹಾಗಾಗಿ ಬೇಗ ಕೊಳೆಯುವುದಿಲ್ಲ. ಇಂಗಾಲ ಅಲ್ಲೇ ಕೂತಿರುತ್ತದೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್‌ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಕಾಂಡ್ಲಾ ಕಡಿಯಬೇಡಿ.

ಆದರೆ ಮಳೆಗಾಲದಲ್ಲಿ ಒಂದು ಸಸಿ ನೆಟ್ಟು ಫೋಟೋ ತೆಗೆಸಿಕೊಂಡು, ಲೆಕ್ಕ ಮುಗಿಯಿತು ಅನ್ನುವವರ ಮೇಲೆ ನನಗೆ ಬೇಸರ ಇದೆ. ಗಿಡ ನೆಡಿ, ಮೂರು ವರ್ಷ ನೀರು ಹಾಕಿ. ಆದರೆ ಮರ ಒಂದು ದಿನ ಬೀಳುತ್ತದೆ, ಕೊಳೆಯುತ್ತದೆ, ಇಂಗಾಲ ಮತ್ತೆ ಗಾಳಿಗೆ. ನೆಲದಡಿಯಿಂದ ತೋಡಿದ್ದಕ್ಕೆ ನೆಲದ ಮೇಲಿನ ಗಿಡ ಪೂರ್ತಿ ಸಮ ಆಗುವುದಿಲ್ಲ. ತೋಡುವುದನ್ನು ಕಡಿಮೆ ಮಾಡಬೇಕು. ಸುಟ್ಟದ್ದು ಮಾಯ ಆಗುವುದಿಲ್ಲ, ಮತ್ತೆ ಹೇಳುತ್ತೇನೆ.

ಕೊನೆಗೆ ಸಮುದ್ರ. ನಾವು ಬಿಟ್ಟದ್ದರಲ್ಲಿ ಕಾಲು ಭಾಗದಷ್ಟನ್ನು ಸಮುದ್ರ ಕುಡಿಯುತ್ತಿದೆ. ಕುಡಿದು ಅದರ ನೀರು ಹುಳಿಯ ಕಡೆಗೆ ಸರಿಯುತ್ತಿದೆ. ಹುಳಿ ತಾಗಿದರೆ ಚಿಪ್ಪಿಗೆ ಏನಾಗುತ್ತದೆ ಅಂತ ಲಿಂಬೆಹಣ್ಣಿನಲ್ಲಿ ನೋಡಿದೆವಲ್ಲ. ಸಮುದ್ರ ಲಿಂಬೆ ರಸದಷ್ಟು ಹುಳಿ ಆಗುವುದಿಲ್ಲ, ಆದರೆ ಚಿಪ್ಪು ಕಟ್ಟುವ ಜೀವಿಗಳಿಗೆ ಕಟ್ಟುವ ಕೆಲಸ ಕಷ್ಟವಾಗುತ್ತಾ ಬರುತ್ತದೆ.

ಇದನ್ನು ನೀವು ಮನೆಯಲ್ಲೇ ನೋಡಬಹುದು. ಮಕ್ಕಳಿದ್ದರೆ ಕರೆಯಿರಿ. ಕವಳದ ಸುಣ್ಣ ಒಂದು ಚಮಚ ತೆಗೆದುಕೊಂಡು ಒಂದು ಲೋಟ ನೀರಿಗೆ ಹಾಕಿ ಕಲಕಿ, ರಾತ್ರಿ ಇಡೀ ಮುಚ್ಚಿಡಿ. ಬೆಳಗ್ಗೆ ಮೇಲಿನ ತಿಳಿನೀರನ್ನು ಅಲುಗಾಡಿಸದೆ ಗಾಜಿನ ಲೋಟಕ್ಕೆ ಬಗ್ಗಿಸಿ. ಎಳನೀರು ಕುಡಿಯುವ ಸ್ಟ್ರಾ ಇಟ್ಟು ಮೆಲ್ಲಗೆ ಊದಿ. ಎಳೆಯಬೇಡಿ, ಊದಿ ಮಾತ್ರ. ಸುಣ್ಣದ ನೀರು ಬಾಯಿಗೆ, ಕಣ್ಣಿಗೆ ಹೋಗಬಾರದು. ಸ್ವಲ್ಪ ಹೊತ್ತಿಗೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಅದನ್ನು ಎರಡು ಲೋಟ ಮಾಡಿ. ಒಂದನ್ನು ಹಾಗೇ ಇಡಿ. ಇನ್ನೊಂದಕ್ಕೆ ಊದುತ್ತಲೇ ಇರಿ, ಬೇಸರ ಮಾಡಿಕೊಳ್ಳದೆ. ಆ ಬಿಳಿ ಬಣ್ಣ ತೆಳ್ಳಗಾಗುತ್ತಾ ಹೋಗುತ್ತದೆ, ಜಾಸ್ತಿ ಅನಿಲ ಸೇರಿ ಕರಗಿತು. ಸುಮ್ನೆ ಇಟ್ಟ ಲೋಟದ ತಳದಲ್ಲಿ ಸಂಜೆ ಹೊತ್ತಿಗೆ ತೆಳ್ಳನೆ ಬಿಳಿ ಪುಡಿ ಕೂತಿರುತ್ತದೆ. ಬಳಚಿನ ಚಿಪ್ಪಿಯಲ್ಲಿ ಇರುವುದು ಅದೇ ವಸ್ತು, ಇದು ನಿಮ್ಮ ಉಸಿರಿನಿಂದ ಆದದ್ದು. ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ ತೆಗೆದು, ಆ ಪುಡಿಗೆ ಎರಡು ಹನಿ ಲಿಂಬೆ ಹಿಂಡಿ, ಕಿವಿ ಹತ್ತಿರ ಇಟ್ಟು ಕೇಳಿ.

ನಮಸ್ಕಾರ.