ಹಿಡಿ ಮಣ್ಣು, ಒಂದು ಕಲ್ಲು

ಕೇಳುಗರಿಗೆ ನಮಸ್ಕಾರ.

ಸ್ಕಾಟ್ಲೆಂಡಿನ ಹಳೆಯ ಜಮೀನು ಪತ್ರ ಬಿಡಿಸಿದರೆ ಮತ್ತೆ ಮತ್ತೆ ಎದುರಾಗುವ ಮಾತು ‘ಸೇಸಿನ್’. ಜಮೀನನ್ನು ವಶಕ್ಕೆ ಕೊಡುವುದು ಎಂದರ್ಥ. ಆದರೆ ಪತ್ರಕ್ಕೆ ರುಜು ಬಿದ್ದ ಮಾತ್ರಕ್ಕೆ ಆಗ ವಶ ಆಗುತ್ತಿರಲಿಲ್ಲ. ಕೊಡುವವರ ಕಡೆಯವನು, ಪಡೆಯುವವರ ಕಡೆಯವನು, ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ, ಇಷ್ಟೂ ಜನ ಆ ನೆಲಕ್ಕೇ ಹೋಗಬೇಕು. ಅಲ್ಲಿಯ ಹಿಡಿ ಮಣ್ಣು, ಒಂದು ಕಲ್ಲು ಕೈಯಿಂದ ಕೈಗೆ ದಾಟಬೇಕು. ಪಡೆದವನು ನೋಟರಿಯ ಕೈಗೆ ನಾಣ್ಯ ಕೊಟ್ಟು, ‘ನಡೆದದ್ದನ್ನು ಬರೆದುಕೊಳ್ಳಿ’ ಎಂದು ಕೇಳಬೇಕು.

ಎಲ್ಲ ಆಸ್ತಿಗೂ ಮಣ್ಣೇ ಅಲ್ಲ. ಹಿಟ್ಟಿನ ಗಿರಣಿಯಾದರೆ ಕಾಳು ಸುರಿಯುವ ತೊಟ್ಟಿ, ಅದನ್ನು ಕುಲುಕಿಸುವ ಹಲಗೆ. ಮೀನು ಹಿಡಿಯುವ ಹಕ್ಕಾದರೆ ಬಲೆ ಮತ್ತು ದೋಣಿ. ಪಟ್ಟಣದ ಮನೆಗೆ ವಾರಸುದಾರ ಬಂದರೆ ಬಾಗಿಲ ಚಿಲಕ, ಕೊಂಡಿ. ಅಕ್ಷರ ಬಾರದವರೂ ಕಣ್ಣಾರೆ ಕಂಡು ಸಾಕ್ಷಿ ಹೇಳಬಹುದಿತ್ತಲ್ಲ! ಈ ಪತ್ರಗಳನ್ನು ದಾಖಲಿಸುವ ಸಾರ್ವಜನಿಕ ರಿಜಿಸ್ಟರು ಶುರುವಾದದ್ದು 1617ರಲ್ಲಿ. ನೆಲಕ್ಕೆ ಹೋಗುವ ಕಟ್ಟಳೆಯನ್ನು 1845ರ ಕಾಯ್ದೆ ಕೈಬಿಟ್ಟಿತು.

‘ವಾಡ್‌ಸೆಟ್’ ನಮ್ಮವರಿಗೆ ಹೊಸದೇನಲ್ಲ, ಹೆಚ್ಚುಕಡಿಮೆ ಭೋಗ್ಯವೇ: ಸಾಲ ಕೊಟ್ಟವನು ಬಡ್ಡಿಗೆ ಬದಲಾಗಿ ಜಮೀನಿನ ಹುಟ್ಟುವಳಿ ಉಣ್ಣುತ್ತಿದ್ದ. ‘ಬ್ಲೆಂಚ್’ ಎಂಬ ಹಿಡುವಳಿಯಲ್ಲಿ ಒಡೆಯನಿಗೆ ವರ್ಷಕ್ಕೆ ಸಲ್ಲುವುದು ಒಂದು ಪೆನ್ನಿಯೋ ಒಂದು ಗುಲಾಬಿಯೋ. ಅದೂ ‘ಕೇಳಿದರೆ ಮಾತ್ರ’ ಎಂದು ಪತ್ರದಲ್ಲೇ ಬರೆದಿರುತ್ತಿತ್ತು. ಫೌಲಿಸ್‌ನ ಮನ್ರೋ ಮನೆತನ ನಡು ಬೇಸಿಗೆಯಲ್ಲಿ ಒಂದು ಹಿಮದುಂಡೆ ಕೊಡಬೇಕಿತ್ತು ಎಂಬ ಹೇಳಿಕೆಯೂ ಇದೆ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ‘ಕರ್ಟಸಿ’. ಹೆಸರು ನಯವಾಗಿದೆ, ಒಳಗಿನ ಲೆಕ್ಕ ಬೇರೆ. ತವರಿನ ಜಮೀನಿಗೆ ವಾರಸುದಾರಳಾದ ಹೆಂಡತಿ ತೀರಿಕೊಂಡರೆ, ಆ ಜಮೀನಿನ ಉತ್ಪತ್ತಿ ಗಂಡನಿಗೆ ಅವನ ಜೀವಮಾನವಿಡೀ ಸಲ್ಲುತ್ತಿತ್ತು. ಮುಖ್ಯ ಷರತ್ತು ಇದು: ಆ ದಂಪತಿಗೆ ಜೀವಂತ ಮಗು ಹುಟ್ಟಿರಬೇಕು, ಅದು ಅತ್ತದ್ದು ಕಿವಿಗೆ ಬಿದ್ದಿರಬೇಕು. ಮರುಗಳಿಗೆಯೇ ಮಗು ಕಣ್ಣು ಮುಚ್ಚಿದರೂ ಗಂಡನ ಹಕ್ಕು ಗಟ್ಟಿ. ಇನ್ನು ಗಂಡ ಸತ್ತರೆ ಹೆಂಡತಿಗೆ? ‘ಟರ್ಸ್’, ಅಂದರೆ ಅವನ ಜಮೀನಿನ ಮೂರರಲ್ಲಿ ಒಂದು ಪಾಲಿನ ಉತ್ಪತ್ತಿ, ಅವಳು ಬದುಕಿರುವ ತನಕ. ಅವನಿಗೆ ಪೂರ್ತಿ, ಅವಳಿಗೆ ಮೂರನೇ ಒಂದು. ಕಾನೂನು ಯಾರ ಕೈಯಲ್ಲಿತ್ತೆಂದು ಬೇರೆ ಹೇಳಬೇಕೇ?

ಇವೆರಡೂ ರದ್ದಾದದ್ದು 1964ರ ಉತ್ತರಾಧಿಕಾರ ಕಾಯ್ದೆಯಿಂದ. ಭೂಮಿಗೆ ಮೇಲೊಬ್ಬ ಒಡೆಯ, ಕೆಳಗೊಬ್ಬ ಹಿಡುವಳಿದಾರ ಎಂಬ ಪದ್ಧತಿ ಕಾಗದದ ಮೇಲೆ ಇನ್ನೂ ಉಳಿದಿತ್ತು. ಅದು ತೀರಿದ್ದು 2004ರ ನವೆಂಬರ್ 28ರಂದು.

ನಮಸ್ಕಾರ.